ಬದಿಯಡ್ಕದಲ್ಲಿ ಕೂತು ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್ ಮಾಡೆಲ್ ಕಲಿಯುವುದು: ಯಾವ ದಾರಿ ಯಾರಿಗೆ?

ಕಳೆದ ವರ್ಷ ಅಡಿಕೆ ಸುಲಿಯುವ ಹೊತ್ತಿಗೆ ತಂಗಿಯ ಮಗ ಮನೆಗೆ ಬಂದಿದ್ದ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಗಣಿತ ಬಿಎಸ್ಸಿ, ಆಗ ಎರಡನೇ ವರ್ಷ. ಜಗಲಿಯಲ್ಲಿ ಚಾ ಕುಡಿದು ಮುಗಿಸಿ ಮೆಲ್ಲ ಕೇಳಿದ. "ಮಾವಾ, ಎಚ್‌ಎಫ್‌ಟಿ ಮಾಡೆಲ್ ಮಾಡುವುದು ಕಲಿಯಬೇಕು ಅಂತ ಇದ್ದೇನೆ. ಎರಡು ಲಕ್ಷದ ಒಂದು ಕೋರ್ಸ್ ಉಂಟು. ಅದಕ್ಕೆ ಸೇರಲಾ, ಎಂಎಸ್ಸಿ ಮಾಡಲಾ, ಇಲ್ಲ ಅಕೌಂಟ್ ತೆರೆದು ನೇರ ಟ್ರೇಡಿಂಗ್ ಶುರು ಮಾಡಲಾ?"

ಎಚ್‌ಎಫ್‌ಟಿ ಅಂದರೆ ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್, ಕಂಪ್ಯೂಟರ್ ತಾನೇ ಕಣ್ಣು ಮಿಟುಕಿಸುವುದರೊಳಗೆ ಶೇರು ಕೊಂಡು ಮಾರುವುದು. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ಅದಕ್ಕೆ ಹೇಳುವ ಲೆಕ್ಕವೇ ಮಾಡೆಲ್. ನಾನು ಬೆಂಗಳೂರಿನ ಇಂಥ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಆರು ವರ್ಷ ಪ್ರೋಗ್ರಾಂ ಬರೆದವನು. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಅಳಿಯ ಕೇಳಿದ ಮೇಲೆ ಪೆರ್ಲ, ಉಪ್ಪಳ, ಮುಳ್ಳೇರಿಯದ ಮೂರು ನಾಲ್ಕು ಮಕ್ಕಳು ಇದೇ ಪ್ರಶ್ನೆ ತಂದರು. ಎಲ್ಲರೂ ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಗಣಿತದಲ್ಲಿ ಗಟ್ಟಿ. ದಾರಿ ಹೇಳುವವರು ಮಾತ್ರ ಹತ್ತಿರದಲ್ಲಿ ಇಲ್ಲ. ಅವರಿಗೆ ಬೇರೆ ಬೇರೆಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ದೂರದ ಲೆಕ್ಕ

ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ಹತ್ತಿದರೆ ಕೊನೆಯ ನಿಲ್ದಾಣ ಮುಂಬೈ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಇರುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅಲ್ಲಿಂದ ಹತ್ತಿರ. ಭೂಪಟದಲ್ಲಿ ನೇರ ಗೆರೆ ಎಳೆದರೂ ನಮ್ಮಲ್ಲಿಂದ ಅಲ್ಲಿಗೆ 750 ಕಿಲೋಮೀಟರ್‌ಗಿಂತ ಜಾಸ್ತಿ. ಫೈಬರ್ ಕೇಬಲ್‌ನಲ್ಲಿ ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡ್). ಅಂದರೆ ಹೋಗಿ ಬರಲು ಕಡಿಮೆ ಎಂದರೂ 7,500 ಮೈಕ್ರೋಸೆಕೆಂಡ್. ಇದು ಕೇಬಲ್ ನೇರ ಇದ್ದರೆ, ನಡುವೆ ಎಲ್ಲೂ ತಡವಾಗದಿದ್ದರೆ. ಎಕ್ಸ್‌ಚೇಂಜ್‌ನ ಕಟ್ಟಡದಲ್ಲೇ ತಮ್ಮ ಕಂಪ್ಯೂಟರ್ ಇಟ್ಟವರು ಇದ್ದಾರೆ. ಇದಕ್ಕೆ ಕೋ-ಲೊಕೇಶನ್ ಅನ್ನುತ್ತಾರೆ. ಅವರ ಯಂತ್ರ ಕೆಲವೇ ಮೈಕ್ರೋಸೆಕೆಂಡ್‌ಗಳಲ್ಲಿ ಉತ್ತರ ಕೊಟ್ಟಿರುತ್ತದೆ.

ಇಲ್ಲಿಂದ ಆ ಓಟದಲ್ಲಿ ಗೆಲ್ಲುವುದು ಯಾರಿಂದಲೂ ಆಗದು. ಇಂಟರ್ನೆಟ್ ಪ್ಲಾನ್ ಬದಲಿಸಿದರೂ ಆಗದು. ಆದರೆ ಆ ಯಂತ್ರ ಯಾವ ಲೆಕ್ಕದ ಮೇಲೆ ನಿರ್ಧಾರ ಮಾಡುತ್ತದೆ ಎಂಬುದನ್ನು ಬದಿಯಡ್ಕದ ಮನೆಯಲ್ಲಿ ಕೂತು ಪೂರ್ತಿ ಕಲಿಯಬಹುದು. ಮಾಡೆಲ್ ಕಲಿಯುವುದು ಬೇರೆ, ಅದನ್ನು ಓಡಿಸಿ ಹಣ ಮಾಡುವುದು ಬೇರೆ. ಕೋರ್ಸ್ ಮಾರುವವರು ಈ ಎರಡನ್ನು ಬೇಕೆಂದೇ ಒಂದಕ್ಕೊಂದು ಬೆರೆಸುತ್ತಾರೆ.

ಯಾವ ಕೆಲಸಕ್ಕೆ ಕಲಿಯುವುದು?

ಇಂಥ ಕಂಪನಿಗಳಲ್ಲಿ ಮುಖ್ಯವಾಗಿ ಮೂರು ತರದ ಜನ ಇರುತ್ತಾರೆ. ಬೆಲೆಯ ಚಲನೆಯನ್ನು ಲೆಕ್ಕದಲ್ಲಿ ಹಿಡಿಯುವ ರಿಸರ್ಚರ್. ಆ ಲೆಕ್ಕವನ್ನು ವೇಗದ ಪ್ರೋಗ್ರಾಂ ಮಾಡುವ ಡೆವಲಪರ್. ಮಾರುಕಟ್ಟೆ ನಡೆಯುವಾಗ ಅದನ್ನು ಕಾಯುವ ಟ್ರೇಡರ್. ಚಿಕ್ಕ ಕಂಪನಿಯಲ್ಲಿ ಒಬ್ಬನೇ ಎರಡು ಕೆಲಸ ಮಾಡುವುದೂ ಉಂಟು.

ಸಂಭವನೀಯತೆ, ರಿಗ್ರೆಶನ್ (ಡೇಟಾದ ಚುಕ್ಕೆಗಳಿಗೆ ಹೊಂದುವ ಗೆರೆ ಕೂರಿಸುವ ಲೆಕ್ಕ) ಅಂದರೆ ಖುಷಿ ಪಡುವವರಿಗೆ ಮೊದಲನೆಯದು. ಪೊವ್ವಲ್‌ನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಓದುವವರಿಗೆ ಎರಡನೆಯದು ಹತ್ತಿರ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇನ್ನೊಂದು ಬಾಗಿಲು ಉಂಟು, ಅದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆರ್ಡರ್ ಕಳಿಸುವ ಕೆಲಸವನ್ನು ಎಫ್‌ಪಿಜಿಎ ಎಂಬ ಚಿಪ್‌ನಲ್ಲಿ ನೇರ ಕೂರಿಸುತ್ತಾರೆ. ಚಿಪ್ ವಿನ್ಯಾಸದ ಭಾಷೆಯಾದ ವೆರಿಲಾಗ್ ಚೆನ್ನಾಗಿ ಬರೆಯುವ ಹುಡುಗಿ ಒಬ್ಬಳು ಸ್ಟಾಕ್ ಮಾರುಕಟ್ಟೆಯ ಗಂಧ ಇಲ್ಲದೆಯೂ ಈ ಕ್ಷೇತ್ರಕ್ಕೆ ಬರಬಹುದು.

ಇಲ್ಲಿ ನಾನು ಹೋಲಿಸುವುದು ಹೆಚ್ಚಾಗಿ ರಿಸರ್ಚರ್ ಆಗಲು ಹೊರಟವರ ದಾರಿಗಳನ್ನು.

ಡಿಗ್ರಿ ದಾರಿ

ನಿಧಾನದ ದಾರಿ ಇದು. ಗಟ್ಟಿ ದಾರಿಯೂ ಹೌದು. ಬಿಎಸ್ಸಿ ಆದವರಿಗೆ ಜಾಮ್ ಪರೀಕ್ಷೆ ಇದೆ. ಅದರಲ್ಲಿ ಗಣಿತ ಬೇರೆ, ಗಣಿತೀಯ ಸಂಖ್ಯಾಶಾಸ್ತ್ರ ಬೇರೆ ಪತ್ರಿಕೆ. ಈ ಕೆಲಸಕ್ಕೆ ಎರಡನೆಯದು ಹೆಚ್ಚು ಹೊಂದುತ್ತದೆ. ಬಾಂಬೆ, ಕಾನ್ಪುರ ಐಐಟಿಗಳಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿಗೆ ಹೋಗುವ ಬಾಗಿಲು ಅದು. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನವರದ್ದು ಬೇರೆಯೇ ಪ್ರವೇಶ ಪರೀಕ್ಷೆ. ಅಲ್ಲಿ ಸೀಟು ಸಿಕ್ಕಿದರೆ ಮನೆಯವರ ಮೇಲೆ ಭಾರ ಕಡಿಮೆ, ವಿದ್ಯಾರ್ಥಿಗಳಿಗೆ ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಕೂಡ ನೋಡಬೇಕಾದ ಜಾಗ. ಮನೆ ಬಿಟ್ಟು ದೂರ ಹೋಗಲು ಆಗದವರಿಗೆ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಮಂಗಳೂರು ದಾಟಿದರೆ ಸುರತ್ಕಲ್‌ನ ಎನ್‌ಐಟಿಕೆ.

ಈ ಕಂಪನಿಗಳ ಇಂಟರ್‌ವ್ಯೂನಲ್ಲಿ ಕೇಳುವುದು ಬಹುಪಾಲು ಸಂಭವನೀಯತೆ. ಟ್ರೇಡಿಂಗ್‌ನ ಪ್ರಶ್ನೆ ಕಡಿಮೆ. "ದಾಳ ಎಸೆಯುತ್ತಾ ಹೋದರೆ ಎರಡು ಸಲ ಒಂದರ ಹಿಂದೆ ಒಂದು ಆರು ಬೀಳಲು ಸರಾಸರಿ ಎಷ್ಟು ಎಸೆತ ಬೇಕು?" ಎಂಬಂಥ ಪ್ರಶ್ನೆ. ಉತ್ತರ 42. ಯಾಕೆ ಎಂದು ಕಾಗದದ ಮೇಲೆ ತೋರಿಸಲು ಬರಬೇಕು. ಇದು ಎರಡು ವರ್ಷ ಕೂತು ಲೆಕ್ಕ ಮಾಡಿದವರಿಗೆ ಬರುತ್ತದೆ, ವಿಡಿಯೋ ನೋಡಿದವರಿಗೆ ಬರುವುದಿಲ್ಲ.

ಡಿಗ್ರಿಯ ಕೊರತೆ ಒಂದೇ. ಯಾವ ಬೆಲೆಗೆ ಎಷ್ಟು ಕೊಳ್ಳುವ, ಮಾರುವ ಆರ್ಡರ್ ಕಾಯುತ್ತಿವೆ ಎಂಬ ಪಟ್ಟಿಗೆ ಆರ್ಡರ್ ಬುಕ್ ಅನ್ನುತ್ತಾರೆ. ಅದರ ನಿಜವಾದ ಡೇಟಾವನ್ನು ಎಷ್ಟೋ ಕಡೆ ಮುಟ್ಟಿಸುವುದೇ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಹಣ ಕೊಟ್ಟು ಸೇರುವ ಕೋರ್ಸ್

ಎಲ್ಲಾ ಕೋರ್ಸೂ ಕೆಟ್ಟದ್ದು ಎನ್ನುವುದಿಲ್ಲ. ಕೆಲಸದಲ್ಲಿರುವ, ಕೈಯಲ್ಲಿ ಸಮಯ ಇಲ್ಲದ ಎಂಜಿನಿಯರ್‌ಗೆ ಆರು ತಿಂಗಳ ಒಳ್ಳೆಯ ಕೋರ್ಸ್ ಒಂದು ಶಿಸ್ತು ಕೊಡುತ್ತದೆ. ಆದರೆ 20 ವರ್ಷದ ವಿದ್ಯಾರ್ಥಿ ಅಪ್ಪನ ಅಡಿಕೆ ದುಡ್ಡಿನಲ್ಲಿ ಎರಡು ಲಕ್ಷ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ನಾನೇ ಹಿಂದೆ ಬೆಂಗಳೂರಿನಲ್ಲಿ ವಾರಾಂತ್ಯದ ಒಂದು ತರಬೇತಿಗೆ ಸೇರಿದ್ದೆ. ಎಂಟು ವಾರ. ಕಲಿಸಿದ್ದು ದಿನದ ಬೆಲೆಯ ಮೇಲೆ ಎರಡು ಮೂವಿಂಗ್ ಆವರೇಜ್ (ಕಳೆದ ಕೆಲವು ದಿನಗಳ ಸರಾಸರಿ ಬೆಲೆ) ಗೆರೆ ಎಳೆದು, ಒಂದನ್ನೊಂದು ದಾಟಿದಾಗ ಕೊಳ್ಳುವುದು. ಅದಕ್ಕೆ ಇಟ್ಟ ಹೆಸರು ಹೈ-ಫ್ರೀಕ್ವೆನ್ಸಿ. ಆರ್ಡರ್ ಬುಕ್ ಎಂಬ ಮಾತು ಒಂದು ದಿನವೂ ಬರಲಿಲ್ಲ. ಆ ಹಣ ಹೋದದ್ದಕ್ಕಿಂತ, ಇದೇ ಈ ವಿದ್ಯೆ ಎಂದು ನಾನು ಒಂದು ವರ್ಷ ನಂಬಿದ್ದೆನಲ್ಲ, ಆ ನೋವು ಜಾಸ್ತಿ.

ಹಾಗಾಗಿ ಹಣ ಕಟ್ಟುವ ಮೊದಲು ಫೋನ್ ಮಾಡಿ ನೇರ ಕೇಳಿ. ಒಂದೊಂದು ಆರ್ಡರ್ ಕಾಣುವ ಡೇಟಾ ಕೊಡುತ್ತೀರಾ, ಇಲ್ಲ ಒಂದೊಂದು ನಿಮಿಷದ ಬೆಲೆಯ ಸಾರಾಂಶವಾದ ಕ್ಯಾಂಡಲ್ ಮಾತ್ರವಾ? ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ಡೇಟಾ ಮೇಲೆ ಮಾಡೆಲ್ ಓಡಿಸಿ ನೋಡುವುದು) ತೆರಿಗೆ, ಬ್ರೋಕರೇಜ್ ಸೇರಿಸಿ ತೋರಿಸುತ್ತೀರಾ? ಹಿಂದಿನ ಬ್ಯಾಚ್‌ನವರು ಮಾಡಿದ ಪ್ರಾಜೆಕ್ಟ್‌ನ ಕೋಡ್ ನೋಡಬಹುದಾ? ಈ ಮೂರಕ್ಕೂ ಉತ್ತರ ಹಾರಿಸಿದರೆ ಬಿಟ್ಟುಬಿಡಿ. "ತಿಂಗಳಿಗೆ ಇಂತಿಷ್ಟು ಪರ್ಸೆಂಟ್ ಖಂಡಿತ" ಎಂದರೆ ಅಲ್ಲೇ ಫೋನ್ ಇಡಿ.

ಸ್ವಂತ ಓದು

ಇಲ್ಲಿ ಸಿಗುವ ಸಾಮಗ್ರಿ ನೋಡಿದರೆ ನಮ್ಮ ಕಾಲಕ್ಕೆ ಇದು ಇರಲಿಲ್ಲವಲ್ಲ ಅನಿಸುತ್ತದೆ. ಐಐಟಿ ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಸಂಭವನೀಯತೆ, ಲೀನಿಯರ್ ಆಲ್ಜಿಬ್ರಾ, ಟೈಮ್ ಸೀರೀಸ್ ಎಲ್ಲಾ ಇದೆ. ನೋಡಲು ಖರ್ಚಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಕೆಲವು ಕೋರ್ಸ್‌ಗಳ ಪಾಠ ಕನ್ನಡ, ಮಲಯಾಳದಲ್ಲೂ ಸಿಗುತ್ತದೆ. ವರ್ಲ್ಡ್‌ಕ್ವಾಂಟ್ ಯೂನಿವರ್ಸಿಟಿ ಎಂಬುದು ಫೈನಾನ್ಶಿಯಲ್ ಎಂಜಿನಿಯರಿಂಗ್‌ನ ಎಂಎಸ್ಸಿಯನ್ನು ಆನ್‌ಲೈನ್‌ನಲ್ಲಿ ಶುಲ್ಕ ಇಲ್ಲದೆ ಕಲಿಸುತ್ತದೆ. ಸುಮಾರು ಎರಡು ವರ್ಷ. ಡಿಗ್ರಿ ಆಗಿರಬೇಕು, ಗಣಿತದ ಪ್ರವೇಶ ಪರೀಕ್ಷೆ ಪಾಸಾಗಬೇಕು.

ಸ್ವಂತ ಓದಿನಲ್ಲಿ ಸೋಲುವುದು ಬುದ್ಧಿ ಸಾಲದೆ ಅಲ್ಲ, ಒಂಟಿತನದಿಂದ. ಮೂರನೇ ವಾರಕ್ಕೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ, ಕೇಳಲು ಜನ ಇಲ್ಲ, ಪುಸ್ತಕ ಮುಚ್ಚಿಡುತ್ತೇವೆ. ಇಬ್ಬರು ಸೇರಿ ಓದಿ. ಊರಿನಲ್ಲಿ ಇನ್ನೊಬ್ಬರು ಸಿಗದಿದ್ದರೆ ಫೋನಿನಲ್ಲಾದರೂ ವಾರಕ್ಕೊಮ್ಮೆ ಒಬ್ಬರಿಗೊಬ್ಬರು ವಿವರಿಸಿ. ಕನ್ನಡದಲ್ಲೇ ವಿವರಿಸಿ. ಕನ್ನಡದಲ್ಲಿ ಹೇಳಲು ಬರಲಿಲ್ಲ ಎಂದರೆ ಹೆಚ್ಚಾಗಿ ಅರ್ಥ ಆಗಿರುವುದಿಲ್ಲ.

ಸ್ಪರ್ಧೆಗಳು

ವಿದ್ಯಾರ್ಥಿಗಳಿಗೆ ನಾನು ಮನಸಾರೆ ಹೇಳುವ ದಾರಿ. ಆಪ್ಟಿವರ್ ಎಂಬ ಟ್ರೇಡಿಂಗ್ ಕಂಪನಿ 2021ರಲ್ಲಿ ಕ್ಯಾಗಲ್ ಎಂಬ ಡೇಟಾ ಸ್ಪರ್ಧೆಗಳ ತಾಣದಲ್ಲಿ ಬೆಲೆಯ ಏರಿಳಿತವನ್ನು ಊಹಿಸುವ ಸ್ಪರ್ಧೆ ಇಟ್ಟಿತ್ತು. 2023ರಲ್ಲಿ ಅಮೆರಿಕದ ಶೇರುಪೇಟೆ ನಾಸ್ಡಾಕ್‌ನ ಕೊನೆಯ ಹತ್ತು ನಿಮಿಷದ ಬೆಲೆ ಊಹಿಸುವ ಸ್ಪರ್ಧೆ. ಗೆದ್ದವರು ಏನು ಮಾಡಿದರು ಎಂಬ ವಿವರಣೆ ಅಲ್ಲೇ ಓದಲು ಸಿಗುತ್ತದೆ. ಐಎಂಸಿ ಕಂಪನಿಯ ಪ್ರಾಸ್ಪೆರಿಟಿ ಎಂಬುದು 2023ರಿಂದ ವರ್ಷಕ್ಕೊಮ್ಮೆ ನಡೆಯುತ್ತದೆ. ಸುಳ್ಳು ಸಾಮಾನು, ಸುಳ್ಳು ಹಣ, ಆದರೆ ಪೈಥಾನ್‌ನಲ್ಲಿ ನಿಜವಾದ ಮಾರ್ಕೆಟ್ ಮೇಕಿಂಗ್, ಅಂದರೆ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಹೇಳಿ ಕೂರುವುದು. ಗೆಲ್ಲಬೇಕೆಂದಿಲ್ಲ. ನೂರಾರು ತಂಡಗಳ ಕೆಳಗೆ ಬಂದರೂ, ನಮ್ಮ ಮಾಡೆಲ್ ಎಲ್ಲಿ ಬಿತ್ತು ಎಂದು ನಾಲ್ಕು ಪುಟ ಬರೆದಿಟ್ಟರೆ ಅದು ಯಾವ ಸರ್ಟಿಫಿಕೇಟ್‌ಗಿಂತಲೂ ತೂಕದ್ದು.

ಸ್ವಂತ ಹಣ ಹಾಕಿ ಕಲಿಯುವುದು

ಇದನ್ನು ಬಿಡಿಸಿ ಹೇಳಲೇಬೇಕು. ಯಾಕೆಂದರೆ ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಶೇರುಪೇಟೆಯ ನಿಯಂತ್ರಕ ಸೆಬಿ ಒಂದು ಅಧ್ಯಯನ ಹೊರಡಿಸಿತು. 2021-22ರಿಂದ 2023-24ರ ತನಕದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ (ಮುಂದಿನ ದಿನಾಂಕದ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ಆಡಿದ ಸಾಮಾನ್ಯ ಜನರಲ್ಲಿ 93 ಶೇಕಡಾ ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅದೇ 2023-24ರಲ್ಲಿ ಖರ್ಚು ಕಳೆಯುವ ಮೊದಲು ಸ್ವಂತ ಹಣ ಹೂಡುವ ಟ್ರೇಡಿಂಗ್ ಕಂಪನಿಗಳಿಗೆ ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರಿಗೆ ಸುಮಾರು 28,000 ಕೋಟಿ ಲಾಭ. ಆ ಲಾಭದ 95 ಶೇಕಡಾಕ್ಕೂ ಜಾಸ್ತಿ ಬಂದದ್ದು ಆಲ್ಗೋದಿಂದ, ಅಂದರೆ ತಾನೇ ಆರ್ಡರ್ ಹಾಕುವ ಪ್ರೋಗ್ರಾಂನಿಂದ. ಮಾಡೆಲ್ ಇರುವವರ ಎದುರು ನಾವು ಮೊಬೈಲ್ ಹಿಡಿದು ಕೂತಿದ್ದೇವೆ.

ಇನ್ನು ಖರ್ಚಿನ ಲೆಕ್ಕ. ಒಂದು ಶೇರು 800 ರೂಪಾಯಿ ಅಂತ ಇಟ್ಟುಕೊಳ್ಳಿ. ಆ ಬೆಲೆಯಲ್ಲಿ ಕನಿಷ್ಠ ಏರಿಳಿತ 5 ಪೈಸೆ. ನಿಮ್ಮ ಮಾಡೆಲ್ ಸರಿಯಾಗಿ ಊಹಿಸಿತು, ನೀವು 100 ಶೇರು ಕೊಂಡು 5 ಪೈಸೆ ಮೇಲೆ ಮಾರಿದಿರಿ. ಬಂದದ್ದು 5 ರೂಪಾಯಿ. ಮಾರಿದ ಮೊತ್ತ 80,000. ಅದೇ ದಿನ ಕೊಂಡು ಮಾರಿದರೆ ಮಾರಾಟದ ಮೇಲೆ 0.025 ಶೇಕಡಾ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಅಂದರೆ 20 ರೂಪಾಯಿ. ಬ್ರೋಕರೇಜ್, ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ ಇನ್ನೂ ಸೇರಿಸಲಿಲ್ಲ. ಊಹೆ ಸರಿ, ಆದರೂ 15 ರೂಪಾಯಿ ನಷ್ಟ. ಅಮೆರಿಕದ ಡೇಟಾ ಮೇಲೆ ಬರೆದ ಎಷ್ಟೋ ಮಾಡೆಲ್ ನಮ್ಮ ದೇಶದಲ್ಲಿ ಹಾಗೇ ನಡೆಯದಿರಲು ಇದು ದೊಡ್ಡ ಕಾರಣ.

ನಿಯಮವೂ ಇದೆ. 2025ರ ಫೆಬ್ರವರಿಯಲ್ಲಿ ಸೆಬಿ ಸಾಮಾನ್ಯ ಹೂಡಿಕೆದಾರರ ಆಲ್ಗೋಗೆ ಚೌಕಟ್ಟು ಹಾಕಿತು. ಅದರ ಮೇಲೆ ಎಕ್ಸ್‌ಚೇಂಜ್‌ಗಳು ಸೆಕೆಂಡಿಗೆ 10 ಆರ್ಡರ್ ಎಂಬ ಮಿತಿ ಇಟ್ಟವು. ಅದಕ್ಕಿಂತ ಜಾಸ್ತಿ ಕಳಿಸಬೇಕಾದರೆ ಆಲ್ಗೋವನ್ನು ಬ್ರೋಕರ್ ಮೂಲಕ ನೋಂದಾಯಿಸಬೇಕು. ಬದಲಾಗದ ಐಪಿ ವಿಳಾಸವೂ ಬೇಕು. ಸೆಕೆಂಡಿಗೆ 10 ಆರ್ಡರ್ ಎಂದರೆ ಮನುಷ್ಯನಿಗೆ ಜಾಸ್ತಿ, ಎಚ್‌ಎಫ್‌ಟಿಗೆ ಏನೂ ಅಲ್ಲ.

ಒಂದು ಜುಲೈ ತಿಂಗಳಿನಲ್ಲಿ ನಾನು ಇಲ್ಲಿಂದಲೇ ಚಿಕ್ಕ ಮೊತ್ತ ಇಟ್ಟು ಓಡಿಸಿ ನೋಡಿದ್ದೆ. ಗಾಳಿ ಮಳೆಗೆ ಮಡಲು ತಂತಿಯ ಮೇಲೆ ಬಿತ್ತು. ಕರೆಂಟ್ ಹೋಯಿತು, ಹಿಂದೆಯೇ ಇಂಟರ್ನೆಟ್ಟೂ ಹೋಯಿತು. ಕೊಂಡ ಶೇರು ಹಾಗೇ ಉಳಿಯಿತು. ಮೊಬೈಲ್ ಹಿಡಿದು ಗುಡ್ಡೆ ಹತ್ತಿ ಸಿಗ್ನಲ್ ಹುಡುಕಿ ಮಾರುವಷ್ಟರಲ್ಲಿ ನಲವತ್ತು ನಿಮಿಷ. ಆವತ್ತಿಗೆ ನಿಲ್ಲಿಸಿದೆ.

ಯಾವ ಡೇಟಾ?

ನನ್ನ ಪ್ರಕಾರ ಕೋರ್ಸ್ ಯಾವುದು ಎಂಬುದಕ್ಕಿಂತ ಇದು ದೊಡ್ಡ ಪ್ರಶ್ನೆ.

ಬ್ರೋಕರ್ ಕೊಡುವ ಎಪಿಐನಲ್ಲಿ (ನಮ್ಮ ಪ್ರೋಗ್ರಾಂಗೆ ಡೇಟಾ ತರುವ ಕೊಂಡಿ) ಸಾಮಾನ್ಯವಾಗಿ ಮೇಲಿನ ಐದು ಹಂತದ ಬೆಲೆ ಮಾತ್ರ, ಅದೂ ಆಗಾಗ ತೆಗೆದ ಫೋಟೋ ತರ. ಎರಡು ಫೋಟೋ ನಡುವೆ ಯಾರು ಆರ್ಡರ್ ಹಾಕಿದರು, ಯಾರು ಹಿಂದೆ ತೆಗೆದುಕೊಂಡರು ಎಂದು ಕಾಣುವುದಿಲ್ಲ. ಎಚ್‌ಎಫ್‌ಟಿಯ ಜೀವ ಇರುವುದೇ ಆ ನಡುವಿನ ಸಮಯದಲ್ಲಿ. ಎಕ್ಸ್‌ಚೇಂಜ್‌ನಿಂದ ಪೂರ್ತಿ ಡೇಟಾ ಕೊಳ್ಳಬಹುದು, ವಿದ್ಯಾರ್ಥಿಯ ಕೈಗೆ ಅದು ಎಟಕುವುದಿಲ್ಲ. ಕ್ರಿಪ್ಟೋ ಎಕ್ಸ್‌ಚೇಂಜ್‌ಗಳ ಆರ್ಡರ್ ಬುಕ್ ಪುಕ್ಕಟೆ ಸಿಗುತ್ತದೆ, ಹಗಲು ರಾತ್ರಿ ಬರುತ್ತಲೇ ಇರುತ್ತದೆ. ಡೇಟಾ ಹಿಡಿದಿಡುವ ಪ್ರೋಗ್ರಾಂ ಬರೆಯಲು ಅದು ಒಳ್ಳೆಯ ಅಭ್ಯಾಸ. ಡೇಟಾ ಮಾತ್ರ ತೆಗೆದುಕೊಳ್ಳಿ. 2022ರಿಂದ ಕ್ರಿಪ್ಟೋ ಲಾಭಕ್ಕೆ 30 ಶೇಕಡಾ ತೆರಿಗೆ, ವಹಿವಾಟಿಗೆ 1 ಶೇಕಡಾ ಟಿಡಿಎಸ್ ಇದೆ. ಅಷ್ಟು ಕಟ್ಟಿ ವೇಗದ ಟ್ರೇಡಿಂಗ್ ಮಾಡಲು ಸಾಧ್ಯವಿಲ್ಲ.

ಕಲಿಯಲು ನಾನು ಆರಿಸುವುದು ಆರ್ಡರ್ ಬುಕ್ ಡೇಟಾ ಕೊಡುವ ಲಾಬ್‌ಸ್ಟರ್ ಎಂಬ ತಾಣದ ಮಾದರಿ ಫೈಲುಗಳನ್ನು. ನಾಸ್ಡಾಕ್‌ನ 2012ರ ಜೂನ್ 21ರ ಒಂದು ದಿನದ ಡೇಟಾ, ಆಪಲ್, ಅಮೆಜಾನ್, ಗೂಗಲ್, ಇಂಟೆಲ್, ಮೈಕ್ರೋಸಾಫ್ಟ್. ಹಣ ಕೊಡಬೇಕಾಗಿಲ್ಲ. ಹಳೆಯದು ಅಲ್ವಾ ಎಂದು ಅಳಿಯ ಮೂಗು ಮುರಿದ. ಹಳೆಯದಾದರೇನು, ಆ ದಿನ ಬುಕ್‌ನ ಮೇಲಿನ ಹಂತಗಳಲ್ಲಿ ಆದ ಒಂದೊಂದು ಬದಲಾವಣೆಯೂ ಅದರಲ್ಲಿ ಇದೆ.

ಅದರಲ್ಲಿ ಇಂಥ ಸಾಲು ಇರುತ್ತದೆ: 34200.18960767, 1, 11885113, 21, 2238100, 1. ಮೊದಲನೆಯದು ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡ್. 34200 ಅಂದರೆ ಬೆಳಿಗ್ಗೆ ಒಂಬತ್ತೂವರೆ, ಅಲ್ಲಿನ ಮಾರುಕಟ್ಟೆ ತೆರೆಯುವ ಹೊತ್ತು. ಎರಡನೆಯದು ಏನಾಯಿತು ಎಂಬುದರ ನಂಬರ್. 1 ಎಂದರೆ ಹೊಸ ಆರ್ಡರ್, 2 ಎಂದರೆ ಸ್ವಲ್ಪ ಕಡಿತ, 3 ಎಂದರೆ ಪೂರ್ತಿ ಕ್ಯಾನ್ಸಲ್, 4 ಎಂದರೆ ವ್ಯಾಪಾರ ಆಯಿತು. ಮೂರನೆಯದು ಆರ್ಡರ್ ನಂಬರ್. ನಾಲ್ಕನೆಯದು ಶೇರುಗಳ ಸಂಖ್ಯೆ, 21. ಐದನೆಯದು ಬೆಲೆ, ಹತ್ತು ಸಾವಿರದಿಂದ ಭಾಗಿಸಬೇಕು, 223.81 ಡಾಲರ್. ಕೊನೆಯದು ದಿಕ್ಕು, ಕೊಳ್ಳುವ ಆರ್ಡರ್‌ಗೆ 1, ಮಾರುವ ಆರ್ಡರ್‌ಗೆ -1.

ಈ ಕೊನೆಯ ಕಾಲಂನಲ್ಲಿ ನಾನು ಎರಡು ವಾರ ಕಳೆದಿದ್ದೇನೆ. 4ರ ಸಾಲಿನಲ್ಲಿ -1 ಇದ್ದರೆ ಯಾರೋ ಬಂದು ಮಾರಿದರು ಎಂದುಕೊಂಡಿದ್ದೆ. ಅದು ತಿರುಗಾಮುರುಗಾ. ಮೊದಲೇ ಕಾಯುತ್ತಿದ್ದ ಮಾರಾಟದ ಆರ್ಡರ್‌ನ ದಿಕ್ಕು ಅದು. ಅದನ್ನು ಎತ್ತಿಕೊಂಡವನು ಕೊಳ್ಳುವವನು. ಅಂದರೆ ಒತ್ತಡ ಕೊಳ್ಳುವ ಕಡೆಯಿಂದ. ನನ್ನ ರಿಗ್ರೆಶನ್‌ನಲ್ಲಿ ಜನ ಜಾಸ್ತಿ ಕೊಂಡಷ್ಟೂ ಬೆಲೆ ಇಳಿಯುತ್ತಿತ್ತು. ಗೆರೆ ಚೆನ್ನಾಗಿ ಕೂತಿದ್ದರಿಂದ ಸಂಶಯವೇ ಬರಲಿಲ್ಲ. ಕೊನೆಗೆ ಹತ್ತು ಸಾಲು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೈಯಲ್ಲೇ ಬುಕ್ ಕಟ್ಟಿದಾಗ ಗೊತ್ತಾಯಿತು. ಈಗ ಯಾರಿಗೆ ಕಲಿಸುವುದಾದರೂ ಮೊದಲ ದಿನ ಪೆನ್ಸಿಲ್ಲೇ, ಕಂಪ್ಯೂಟರ್ ಎರಡನೇ ದಿನ.

ಯಾವ ಮಾಡೆಲ್ ಮೊದಲು?

ಇಲ್ಲಿ ಎರಡು ಪಂಗಡ. ಒಂದು ಪಂಗಡ ನೇರ ಡೀಪ್ ಲರ್ನಿಂಗ್‌ಗೆ, ಅಂದರೆ ಡೇಟಾ ನೋಡಿ ತಾನೇ ಕಲಿಯುವ ದೊಡ್ಡ ಮಾಡೆಲ್‌ಗೆ ಹಾರುತ್ತದೆ. ಇನ್ನೊಂದು ಹಳೆಯ ಸರಳ ಮಾಡೆಲ್‌ನಿಂದ ಏರುತ್ತದೆ. ನಾನು ಎರಡನೆಯದರ ಕಡೆ. ಕಾರಣ ಹೇಳಲು ಬದಿಯಡ್ಕ ಪೇಟೆಯ ಅಡಿಕೆ ಅಂಗಡಿಗೆ ಹೋಗೋಣ.

ಒಬ್ಬ ವ್ಯಾಪಾರಿ ಕಿಲೋಗೆ 400ಕ್ಕೆ ಕೊಂಡು 405ಕ್ಕೆ ಕೊಡುತ್ತಾನೆ ಅನ್ನಿ. ನಡುವಿನ 5 ರೂಪಾಯಿಯೇ ಸ್ಪ್ರೆಡ್. ಬೆಳಿಗ್ಗೆ ಒಬ್ಬರು ಹತ್ತು ಗೋಣಿ ಅಡಿಕೆ ತಂದು ಅವಸರದಲ್ಲಿ ಇಳಿಸುತ್ತಾರೆ. ಮಂಗಳೂರಿನಲ್ಲಿ ರೇಟು ಬಿದ್ದ ಸುದ್ದಿ ಅವರಿಗೆ ಫೋನಿನಲ್ಲಿ ಬಂದಿದೆ, ವ್ಯಾಪಾರಿಗೆ ಇನ್ನೂ ಗೊತ್ತಿಲ್ಲ. ಗೊತ್ತಿರುವವನ ಜೊತೆ ವ್ಯಾಪಾರ ಮಾಡಿ ಕಳೆದುಕೊಂಡದ್ದನ್ನು, ಗೊತ್ತಿಲ್ಲದವರ ಜೊತೆ ಮಾಡಿದ ವ್ಯಾಪಾರದಲ್ಲಿ ತುಂಬಿಸಿಕೊಳ್ಳಬೇಕು. ಸ್ಪ್ರೆಡ್ ಇರುವುದಕ್ಕೆ ಇದೊಂದೇ ಕಾರಣ ಸಾಕು ಎಂದು ಗ್ಲೋಸ್ಟನ್ ಮತ್ತು ಮಿಲ್‌ಗ್ರೋಮ್ 1985ರಲ್ಲಿ ಲೆಕ್ಕದಲ್ಲಿ ತೋರಿಸಿದರು. ಅದೇ ವರ್ಷ ಕೈಲ್ ಇನ್ನೊಂದು ತೋರಿಸಿದರು: ಇಂತಿಷ್ಟು ಕೊಳ್ಳುವ ಒತ್ತಡ ಬಂದರೆ ಬೆಲೆ ಎಷ್ಟು ಸರಿಯುತ್ತದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಬಹುದು. ಆ ಸಂಖ್ಯೆಗೆ ಲ್ಯಾಂಬ್ಡಾ ಅನ್ನುತ್ತಾರೆ.

ಇನ್ನೊಂದು ದಿನ. ಅದೇ ವ್ಯಾಪಾರಿಯ ಗೋದಾಮು ತುಂಬಿದೆ. ಈಗ ಅಡಿಕೆ ತಂದರೆ 397 ಅನ್ನುತ್ತಾನೆ. ಮಾರುವ ಬೆಲೆಯನ್ನೂ ಒಂದೆರಡು ರೂಪಾಯಿ ಇಳಿಸುತ್ತಾನೆ, ಮಾಲು ಖಾಲಿಯಾಗಲಿ ಎಂದು. ಅವೆಲ್ಲನೇಡಾ ಮತ್ತು ಸ್ಟೊಯಿಕೊವ್ 2008ರಲ್ಲಿ ಬರೆದ ಮಾರ್ಕೆಟ್ ಮೇಕಿಂಗ್ ಮಾಡೆಲ್‌ನ ತಿರುಳು ಇದೇ. ಮಧ್ಯದ ಬೆಲೆಯಿಂದ ಒಂದು ಮೊತ್ತ ಕಳೆಯಬೇಕು. ಆ ಮೊತ್ತ ಅಂದರೆ ಕೈಯಲ್ಲಿರುವ ಮಾಲು, ನಷ್ಟದ ಭಯದ ಅಳತೆ, ಏರಿಳಿತದ ವರ್ಗ (ಅದನ್ನು ಅದರಿಂದಲೇ ಗುಣಿಸಿದ್ದು), ಉಳಿದ ಸಮಯ, ಈ ನಾಲ್ಕರ ಗುಣಲಬ್ಧ. ಮಾಲು ಜಾಸ್ತಿ ಇದ್ದರೆ ಬೆಲೆ ಕೆಳಗೆ, ಕೈಯಲ್ಲಿ ಇಲ್ಲದ ಮಾಲನ್ನು ಮೊದಲೇ ಮಾರಿದ್ದರೆ ಮೇಲೆ. ದಿನ ಮುಗಿಯುತ್ತಾ ಬಂದ ಹಾಗೆ ಆ ಸರಿಕೆ ಚಿಕ್ಕದಾಗುತ್ತದೆ. ಅಡಿಕೆ ವ್ಯಾಪಾರ ನೋಡಿ ಬೆಳೆದ ಮಕ್ಕಳಿಗೆ ಈ ಸೂತ್ರ ಒಂದೇ ದಿನಕ್ಕೆ ತಲೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆರಂಭಕ್ಕೆ ಇನ್ನೂ ಸುಲಭದ್ದು ಬೇಕಾದರೆ ತೂಕದ ಮಧ್ಯ ಬೆಲೆ. ಕೊಳ್ಳುವ ಕಡೆ 799.95ಕ್ಕೆ 900 ಶೇರು, ಮಾರುವ ಕಡೆ 800ಕ್ಕೆ 100 ಶೇರು ಕಾಯುತ್ತಿವೆ. ಸಾದಾ ಮಧ್ಯ 799.975. ಆದರೆ ಕೊಳ್ಳುವವರ ಸಾಲು ಒಂಬತ್ತು ಪಟ್ಟು ಉದ್ದ. ಒಂದೊಂದು ಬೆಲೆಗೆ ಎದುರು ಕಡೆಯ ಸಂಖ್ಯೆಯ ತೂಕ ಕೊಟ್ಟರೆ 799.995 ಬರುತ್ತದೆ. ಮುಂದಿನ ಬೆಲೆ 800ರ ಕಡೆ ಹೋಗುವ ಸಾಧ್ಯತೆ ಹೆಚ್ಚು ಎಂದು ಅದು ಹೇಳುತ್ತಿದೆ. ಇದರಿಂದ ಒಂದು ಹೆಜ್ಜೆ ಮುಂದೆ ಹೋದರೆ ಆರ್ಡರ್ ಫ್ಲೋ ಇಂಬ್ಯಾಲೆನ್ಸ್, ಅಂದರೆ ಕೊಳ್ಳುವ ಕಡೆ ಮತ್ತು ಮಾರುವ ಕಡೆ ಆದ ಬದಲಾವಣೆಗಳ ವ್ಯತ್ಯಾಸ. ಕಾಂಟ್, ಕುಕಾನೊವ್, ಸ್ಟೊಯಿಕೊವ್ 2014ರಲ್ಲಿ ಪ್ರಕಟಿಸಿದ ಕೆಲಸ. ಒಂದು ಸರಳ ರಿಗ್ರೆಶನ್ ಸಾಕು, ಲ್ಯಾಪ್‌ಟಾಪ್‌ನಲ್ಲಿ ನಿಮಿಷದೊಳಗೆ ಓಡುತ್ತದೆ. ತಪ್ಪಾದರೆ ಎಲ್ಲಿ ತಪ್ಪಿತು ಎಂದು ಕಾಣುತ್ತದೆ.

ಡೀಪ್ ಲರ್ನಿಂಗ್‌ನಲ್ಲಿ ಆ ಕಾಣುವಿಕೆ ಇಲ್ಲ. ನನ್ನ ಹಾಗೆ ದಿಕ್ಕು ತಪ್ಪಾಗಿ ಹಾಕಿದ್ದರೂ ಅದು ತಪ್ಪನ್ನೇ ಕಲಿತು ಒಳ್ಳೆಯ ಅಂಕ ತೋರಿಸುತ್ತದೆ. ಬೇಡ ಎನ್ನುತ್ತಿಲ್ಲ. ಸರಳ ರಿಗ್ರೆಶನ್ ಎಷ್ಟು ಊಹಿಸುತ್ತದೆ ಎಂದು ಮೊದಲು ಬರೆದಿಟ್ಟುಕೊಂಡು, ಆಮೇಲೆ ಅದನ್ನು ಮೀರಿಸಲು ಡೀಪ್ ಲರ್ನಿಂಗ್ ಹಾಕಿ.

ಬ್ಯಾಕ್‌ಟೆಸ್ಟ್ ಬಗ್ಗೆ ಒಂದು ಮಾತು. ಬೆಲೆ ನಿಮ್ಮ ಆರ್ಡರ್ ತನಕ ಬಂದ ಕೂಡಲೇ ವ್ಯಾಪಾರ ಆಯಿತು ಎಂದು ಲೆಕ್ಕ ಹಾಕಬೇಡಿ. ರೇಷನ್ ಅಂಗಡಿಯ ಸಾಲಿನ ಹಾಗೆ ಆ ಬೆಲೆಯಲ್ಲಿ ನಿಮಗಿಂತ ಮುಂದೆ ಎಷ್ಟೋ ಜನ ನಿಂತಿದ್ದಾರೆ. ಅವರದ್ದು ಮುಗಿದ ಮೇಲೆ ನಿಮ್ಮದು. ನಿಮ್ಮ ಸರದಿ ಬರುವುದು ಹೆಚ್ಚಾಗಿ ಬೆಲೆ ನಿಮಗೆ ವಿರುದ್ಧ ಹೋಗುವಾಗ. ಇದನ್ನು ಸೇರಿಸದ ಬ್ಯಾಕ್‌ಟೆಸ್ಟ್‌ಗಳಲ್ಲಿ ಎಲ್ಲರೂ ಕೋಟ್ಯಧಿಪತಿಗಳೇ.

ಭಾಷೆ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಾಡೆಲ್ ಕಲಿಯುವವರಿಗೆ ಪೈಥಾನ್ ಸಾಕು. ಡೆವಲಪರ್ ಆಗುವವರಿಗೆ ಸಿ ಪ್ಲಸ್ ಪ್ಲಸ್ ಬೇಕೇ ಬೇಕು, ಮೆಮೊರಿ ಹೇಗೆ ಕೆಲಸ ಮಾಡುತ್ತದೆ ಎಂಬ ತನಕ. ಎರಡನ್ನೂ ಒಟ್ಟಿಗೆ ಶುರು ಮಾಡಿದವರು ಎರಡನ್ನೂ ಅರ್ಧಕ್ಕೆ ಬಿಟ್ಟದ್ದೇ ಜಾಸ್ತಿ.

ಯಾರಿಗೆ ಯಾವುದು

ಗಣಿತ ಅಥವಾ ಸಂಖ್ಯಾಶಾಸ್ತ್ರ ಬಿಎಸ್ಸಿ ಓದುವವರು ಡಿಗ್ರಿ ದಾರಿ ಹಿಡಿಯಿರಿ, ಜೊತೆಗೆ ಪ್ರಾಜೆಕ್ಟ್ ಒಂದು. ಎಂಜಿನಿಯರಿಂಗ್ ಕೊನೆಯ ವರ್ಷದವರು ಸ್ಪರ್ಧೆಗಳಿಗೆ ಇಳಿಯಿರಿ, ಕೆಲಸ ಬೇಗ ಬೇಕಲ್ಲ. ಈಗಾಗಲೇ ಸಾಫ್ಟ್‌ವೇರ್ ಕೆಲಸದಲ್ಲಿರುವವರು ವರ್ಲ್ಡ್‌ಕ್ವಾಂಟ್ ತರದ ಶುಲ್ಕ ಇಲ್ಲದ್ದನ್ನು ನೋಡಿ. ಆರು ತಿಂಗಳು ಅದನ್ನು ಬಿಡದೆ ನಡೆಸಿದ ಮೇಲೂ ಇನ್ನೂ ಬೇಕು ಅನಿಸಿದರೆ, ಮೇಲೆ ಹೇಳಿದ ಮೂರು ಪ್ರಶ್ನೆ ಕೇಳಿ, ಸ್ವಂತ ಸಂಬಳದಲ್ಲಿ ಕೋರ್ಸ್ ಸೇರಿ. ಮನೆಯ ಹಣ ಟ್ರೇಡಿಂಗ್ ಅಕೌಂಟ್‌ಗೆ ಹಾಕಿ ಕಲಿಯುವುದು ಮಾತ್ರ ಯಾರಿಗೂ ಬೇಡ.

ಅಳಿಯ ಕೋರ್ಸ್‌ಗೆ ಸೇರಲಿಲ್ಲ. ಈ ಸಲ ಕೊನೆಯ ವರ್ಷ, ಜಾಮ್‌ನಲ್ಲಿ ಗಣಿತೀಯ ಸಂಖ್ಯಾಶಾಸ್ತ್ರ ಬರೆಯುತ್ತಾನೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಪೆರ್ಲದ ಗೆಳೆಯನನ್ನು ಬೈಕಿನಲ್ಲಿ ಕೂರಿಸಿಕೊಂಡು ನಮ್ಮಲ್ಲಿಗೆ ಬರುತ್ತಾನೆ. ಇಂಟೆಲ್‌ನ ಫೈಲ್‌ನಲ್ಲಿ ಇಂಬ್ಯಾಲೆನ್ಸ್ ರಿಗ್ರೆಶನ್ ಮುಗಿದಿದೆ, ಗೆರೆ ಸರಿಯಾದ ದಿಕ್ಕಿಗೇ ಏರಿದೆ. ಈ ವಾರ 3ರ ಸಾಲುಗಳ ಕೆಲಸ. ಹಾಕಿದ ಆರ್ಡರ್‌ಗಳಲ್ಲಿ ಎಷ್ಟು ವ್ಯಾಪಾರ ಆಗದೆ ಹಿಂದೆ ಹೋದವು, ಎಷ್ಟು ಹೊತ್ತು ಕಾದು ಹೋದವು ಎಂದು ಎಣಿಸಬೇಕು. ಅವನಿಗೆ ಇನ್ನೂ ಉತ್ತರ ಗೊತ್ತಿಲ್ಲ. ನಾನು ಹೇಳಿಯೂ ಇಲ್ಲ.